ಸೋತ ಯುದ್ಧಕ್ಕೆ, ಮುಳುಗಿದ ಬ್ಯಾಂಕಿಗೆ ಲೆಕ್ಕ ಕೊಡುವವರು ಯಾರು?

ಇವತ್ತು ಒಂದು ರಸೀದಿಯಿಂದ ಮಾತು ಶುರು ಮಾಡ್ತೀನಿ.

ನಮ್ಮ ಅಜ್ಜಿಯ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಹಳದಿ ಬಣ್ಣಕ್ಕೆ ತಿರುಗಿದ ಒಂದು ಚೀಟಿ ಇತ್ತು. 1962ರಲ್ಲಿ ಚೀನಾ ಯುದ್ಧ ಬಂದಾಗ ರಾಷ್ಟ್ರೀಯ ರಕ್ಷಣಾ ನಿಧಿ ಅಂತ ಒಂದು ನಿಧಿ ಶುರುವಾಯಿತು. ದೇಶದ ಉದ್ದಗಲಕ್ಕೂ ಹೆಣ್ಣುಮಕ್ಕಳು ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು. ನಮ್ಮಜ್ಜಿ ಊರಿನ ಶಾಲೆ ಮೈದಾನದಲ್ಲಿ ಸಾಲಿನಲ್ಲಿ ನಿಂತು ಎರಡು ಚಿನ್ನದ ಬಳೆ ಕೊಟ್ಟು ಬಂದಿದ್ದರು. ಅದಕ್ಕೆ ಸಿಕ್ಕಿದ ರಸೀದಿ ಅದು. ಬಳೆಯ ತೂಕ, ತಾರೀಖು, ಕೆಳಗೊಂದು ಸಹಿ. ನಾನು ಚಿಕ್ಕವನಿದ್ದಾಗ ಅದನ್ನು ತೋರಿಸಿ ಹೇಳ್ತಿದ್ದರು: "ನೋಡು ಮಗಾ, ನಾನು ಕೊಟ್ಟಿದ್ದಕ್ಕೆ ಲೆಕ್ಕ ಇದೆ. ಅವರು ಯಾಕೆ ಸೋತ್ರು ಅನ್ನೋದಕ್ಕೆ ಮಾತ್ರ ಯಾರೂ ಲೆಕ್ಕ ಕೊಡ್ಲಿಲ್ಲ."

ಆಗ ಅದು ವಯಸ್ಸಾದವರ ಗೊಣಗಾಟ ಅಂತ ಅನಿಸಿತ್ತು. ಆಮೇಲೆ ಇತಿಹಾಸ ಓದೋದಕ್ಕೆ ಶುರು ಮಾಡಿದ ಮೇಲೆ ಗೊತ್ತಾಯಿತು, ಅಜ್ಜಿ ಕೇಳಿದ್ದು ಪ್ರಜಾಪ್ರಭುತ್ವದ ಕಷ್ಟದ ಪ್ರಶ್ನೆಗಳಲ್ಲಿ ಒಂದು. ನಾವು ಆರಿಸಿ ಕಳಿಸಿದವರು ಯುದ್ಧದಲ್ಲಿ ಎಡವಿದರೆ, ದೇಶದ ಹಣ ಮುಳುಗಿಸಿದರೆ, ಅವರನ್ನು ಹೊಣೆ ಮಾಡೋದು ಹೇಗೆ? "ಐದು ವರ್ಷಕ್ಕೊಮ್ಮೆ ಚುನಾವಣೆ ಬರುತ್ತಲ್ಲ, ಸೋಲಿಸಿದರಾಯ್ತು" ಅಂತ ಬಹಳ ಜನ ಹೇಳ್ತಾರೆ. ಅಷ್ಟು ಸಾಕಾ? ಭಾರತ, ಬ್ರಿಟನ್, ಐಸ್‌ಲ್ಯಾಂಡ್, ಈ ಮೂರು ದೇಶಗಳ ಕಥೆ ಇಟ್ಟುಕೊಂಡು ಇವತ್ತು ಇದನ್ನೇ ನೋಡೋಣ.

ಮೊದಲು ನಮ್ಮದೇ ದೇಶದ ಒಂದು ಒಳ್ಳೆಯ ಉದಾಹರಣೆ. ಎಲ್‌ಐಸಿ ಹುಟ್ಟಿದ್ದು 1956ರ ಸೆಪ್ಟೆಂಬರಿನಲ್ಲಿ. ಮರು ವರ್ಷ ಜೂನ್ ತಿಂಗಳಲ್ಲೇ ಅದು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರು ಕೊಂಡಿತು. ಮೊತ್ತ ಸುಮಾರು 1 ಕೋಟಿ 25 ಲಕ್ಷ ರೂಪಾಯಿ, ಆ ಕಾಲಕ್ಕೆ ದೊಡ್ಡ ದುಡ್ಡು. ಎಲ್ಲಿ ಹಣ ಹೂಡಬೇಕು ಅಂತ ಹೇಳೋದಕ್ಕೆ ಎಲ್‌ಐಸಿಗೆ ಒಂದು ಹೂಡಿಕೆ ಸಮಿತಿ ಇತ್ತು. ಅದನ್ನು ಕೇಳದೆಯೇ ಷೇರು ಕೊಂಡಿದ್ದರು. ಅದು ಸಾಮಾನ್ಯ ಜನರ ವಿಮೆಯ ಕಂತಿನ ಹಣ.

ಇದನ್ನು ಲೋಕಸಭೆಯಲ್ಲಿ ಎತ್ತಿದವರು ಫಿರೋಜ್ ಗಾಂಧಿ. ಅವರು ಆಡಳಿತ ಪಕ್ಷದ ಸಂಸದರು, ಮೇಲಾಗಿ ಪ್ರಧಾನಿ ನೆಹರೂ ಅವರ ಅಳಿಯ. ಒತ್ತಡ ಹೆಚ್ಚಾದಾಗ ಸರ್ಕಾರ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಿಸಿತು. ಛಾಗ್ಲಾ ವಿಚಾರಣೆಯನ್ನು ಬಹಿರಂಗವಾಗಿ ನಡೆಸಿದರು. ಒಳಗೆ ಜಾಗ ಸಾಲದೆ ಹೊರಗೆ ನಿಂತವರಿಗೂ ಕೇಳಲಿ ಅಂತ ಧ್ವನಿವರ್ಧಕ ಹಾಕಿಸಿದ್ದರು. 1958ರ ಫೆಬ್ರವರಿಯಲ್ಲಿ ವರದಿ ಬಂತು, ಅದೇ ತಿಂಗಳು ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಇದನ್ನು ತಮ್ಮ ಅಧಿಕಾರಿಗಳು ಮಾಡಿದ್ದು ಅಂತ ಸಚಿವರು ವಾದಿಸಿದ್ದರು. ಇಲಾಖೆಯ ಕಾರ್ಯದರ್ಶಿ ಮಾಡಿದ್ದಕ್ಕೆ ಸಚಿವರೇ ಹೊಣೆ, ಅವರು ಅಧಿಕಾರಿಯ ಬೆನ್ನ ಹಿಂದೆ ಅಡಗುವ ಹಾಗಿಲ್ಲ ಅನ್ನೋದು ಛಾಗ್ಲಾ ನಿಲುವು.

ಷೇರು ಕೊಂಡಿದ್ದು ಜೂನ್, ಸಚಿವರು ಹೋಗಿದ್ದು ಫೆಬ್ರವರಿ. ಎಂಟು ತಿಂಗಳು. ಯಾರು ಏನು ಮಾಡಿದರು ಅಂತ ಜನ ಕಿವಿಯಾರೆ ಕೇಳಿದ್ದರು. ಕೃಷ್ಣಮಾಚಾರಿ ಕೆಲವು ವರ್ಷಗಳ ನಂತರ ಮತ್ತೆ ಹಣಕಾಸು ಸಚಿವರಾದರು, ಅದು ಬೇರೆ ವಿಷಯ. ಆದರೆ ಲೆಕ್ಕ ಎಲ್ಲರ ಮುಂದೆ ಇತ್ತು. ಹಾಗಾಗಿ "ನಮ್ಮ ದೇಶದಲ್ಲಿ ಇದೆಲ್ಲ ಆಗಲ್ಲ ಬಿಡಿ" ಅಂತ ಯಾರಾದರೂ ಹೇಳಿದರೆ ನಾನು ಈ ಕಥೆ ಹೇಳ್ತೀನಿ. ಆಗಿತ್ತು, ಗಣರಾಜ್ಯಕ್ಕೆ ಎಂಟು ವರ್ಷ ತುಂಬಿದ್ದಾಗಲೇ.

ಈಗ ಅಜ್ಜಿಯ ಬಳೆಯ ಕಥೆಗೆ ಬರೋಣ.

1962ರ ಅಕ್ಟೋಬರ್ 20ಕ್ಕೆ ಚೀನಾ ಸೇನೆ ಲಡಾಖ್ ಮತ್ತು ಈಗಿನ ಅರುಣಾಚಲ, ಎರಡೂ ಕಡೆ ದಾಳಿ ಮಾಡಿತು. ನವೆಂಬರ್ 21ಕ್ಕೆ ಅದೇ ಕದನವಿರಾಮ ಘೋಷಿಸಿತು. ಒಂದು ತಿಂಗಳ ಯುದ್ಧ. ಸರ್ಕಾರಿ ಲೆಕ್ಕದ ಪ್ರಕಾರವೇ 1,383 ಭಾರತೀಯ ಯೋಧರು ಸತ್ತರು, ಸುಮಾರು 1,700 ಮಂದಿ ಕಾಣೆಯಾದರು. ಚಳಿ ತಡೆಯುವ ಬಟ್ಟೆ ಇಲ್ಲ, ಸರಿಯಾದ ಬೂಟು ಇಲ್ಲ, ಕೈಯಲ್ಲಿ ಹಳೇ ಕಾಲದ ಬಂದೂಕು. ಆ ಸ್ಥಿತಿಯಲ್ಲಿ ಅವರನ್ನು ಹಿಮದ ಬೆಟ್ಟಗಳಿಗೆ ಹತ್ತಿಸಿದ್ದು ಯಾರ ನಿರ್ಧಾರ?

ಇಲ್ಲಿ ನಮ್ಮ ಕೊಡಗಿನವರೊಬ್ಬರ ಹೆಸರು ಬರುತ್ತೆ. ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ ಆಗ, ಅಂದರೆ 1959ರಲ್ಲಿ, ಸೇನಾ ಮುಖ್ಯಸ್ಥರು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಜೊತೆ ಕೆಲಸ ಮಾಡೋದು ಅಸಾಧ್ಯ ಅನಿಸಿ ಆ ವರ್ಷ ಆಗಸ್ಟ್ ಕೊನೆಗೆ ಅವರು ರಾಜೀನಾಮೆ ಕೊಟ್ಟರು. ನೆಹರೂ ಮನವೊಲಿಸಿ ಅದನ್ನು ವಾಪಸ್ ತೆಗೆಸಿದರು. ಆಮೇಲೆ ಸಂಸತ್ತಿನಲ್ಲಿ, ರಾಜೀನಾಮೆ ಕೊಟ್ಟಿದ್ದು ಸರಿಯಲ್ಲ ಅಂತ ತಿಮ್ಮಯ್ಯ ಅವರನ್ನೇ ಟೀಕಿಸಿದರು. 1961ರ ಮೇ ತಿಂಗಳಲ್ಲಿ ತಿಮ್ಮಯ್ಯ ನಿವೃತ್ತರಾದರು. ಅಂದರೆ ಸಚಿವರಿಗೂ ಸೇನೆಗೂ ಸರಿಯಿಲ್ಲ ಅನ್ನೋದು ಯುದ್ಧಕ್ಕೆ ಮೂರು ವರ್ಷ ಮೊದಲೇ ಪ್ರಧಾನಿಗೆ ಗೊತ್ತಿತ್ತು.

ಸೋಲಿನ ನಂತರ ಏನಾಯಿತು? ಮೆನನ್ ನವೆಂಬರಿನಲ್ಲೇ ಸಂಪುಟ ಬಿಟ್ಟರು, ಅದೂ ಸ್ವಪಕ್ಷದವರೇ ಪಟ್ಟು ಹಿಡಿದ ಮೇಲೆ. ಸೇನಾ ಮುಖ್ಯಸ್ಥ ಜನರಲ್ ಥಾಪರ್ ಹೋದರು, ಜನರಲ್ ಕೌಲ್ ಕೂಡ ಸೇನೆ ಬಿಟ್ಟರು. 1963ರಲ್ಲಿ ನಡೆದ ಮೂರು ಉಪಚುನಾವಣೆಗಳಲ್ಲಿ ಕೃಪಲಾನಿ, ಲೋಹಿಯಾ, ಮಸಾನಿ ಗೆದ್ದು ಲೋಕಸಭೆಗೆ ಬಂದರು. ಆ ಆಗಸ್ಟಿನಲ್ಲಿ ಆಚಾರ್ಯ ಕೃಪಲಾನಿ ಸರ್ಕಾರದ ವಿರುದ್ಧ ಅವಿಶ್ವಾಸ ನಿರ್ಣಯ ಮಂಡಿಸಿದರು. ಲೋಕಸಭೆಯ ಇತಿಹಾಸದಲ್ಲೇ ಅದು ಮೊದಲ ಅವಿಶ್ವಾಸ ನಿರ್ಣಯ. ಪರವಾಗಿ 62 ಮತ, ವಿರುದ್ಧ 347. ನಿರ್ಣಯ ಬಿದ್ದುಹೋಯಿತು.

ಇದನ್ನೆಲ್ಲ ಕೇಳಿದರೆ ಸಾಕಷ್ಟು ಹೊಣೆಗಾರಿಕೆ ಆಯ್ತಲ್ಲ ಅನಿಸಬಹುದು. ಸಚಿವರು ಹೋದರು, ದಂಡನಾಯಕರು ಹೋದರು, ಚರ್ಚೆಯೂ ಆಯಿತು. ಆದರೆ ಆ ಸದನದಲ್ಲಿ ಮಾತಾಡಿದವರ ಕೈಯಲ್ಲಿ ಒಂದು ದಾಖಲೆ ಇರಲಿಲ್ಲ.

ಹೊಸ ಸೇನಾ ಮುಖ್ಯಸ್ಥ ಜನರಲ್ ಚೌಧರಿ ಸೋಲಿನ ಬಗ್ಗೆ ಒಂದು ತನಿಖೆ ಮಾಡಿಸಿದ್ದರು. ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪ್ರೇಮ್ ಸಿಂಗ್ ಭಗತ್ ತನಿಖಾಧಿಕಾರಿಗಳು. ಭಗತ್ ಎರಡನೇ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವರು. ಅವರಿಗೆ ಕೊಟ್ಟ ವಿಷಯ ಐದು: ತರಬೇತಿ, ಸಲಕರಣೆ, ಸೇನೆಯ ಆಜ್ಞಾ ವ್ಯವಸ್ಥೆ, ಸೈನಿಕರ ದೈಹಿಕ ಕ್ಷಮತೆ, ದಂಡನಾಯಕರ ಸಾಮರ್ಥ್ಯ. ಪ್ರಧಾನಿ ಏನು ನಿರ್ಧಾರ ಮಾಡಿದರು, ರಕ್ಷಣಾ ಸಚಿವರು ಏನು ಮಾಡಿದರು ಅನ್ನೋದು ಪಟ್ಟಿಯಲ್ಲೇ ಇಲ್ಲ. ಬೆಟ್ಟ ಹತ್ತಿದವನ ಕಾಲು ಗಟ್ಟಿ ಇತ್ತಾ ಅಂತ ನೋಡಿ ಅಂದರು. ಹತ್ತು ಅಂದವರ ಬಗ್ಗೆ ಕೇಳಲಿಲ್ಲ.

ಅಷ್ಟು ಸೀಮಿತವಾದ ವರದಿಯನ್ನೂ ಹೊರಗೆ ಬಿಡಲಿಲ್ಲ. 1963ರ ಸೆಪ್ಟೆಂಬರಿನಲ್ಲಿ ಹೊಸ ರಕ್ಷಣಾ ಸಚಿವ ವೈ.ಬಿ. ಚವಾಣ್ ಸದನದಲ್ಲಿ ಒಂದು ಹೇಳಿಕೆ ಓದಿದರು, ಅಷ್ಟೇ. 2010ರಲ್ಲಿ ಕಾಂಗ್ರೆಸ್ಸಿನ ಎ.ಕೆ. ಆಂಟನಿ, ಇದು ಈಗಲೂ ಸೂಕ್ಷ್ಮ ದಾಖಲೆ ಅಂದರು. 2014ರ ಮಾರ್ಚಿನಲ್ಲಿ ವಿರೋಧ ಪಕ್ಷದಲ್ಲಿದ್ದ ಬಿಜೆಪಿಯ ಅರುಣ್ ಜೇಟ್ಲಿ, ಇಷ್ಟು ಹಳೆಯ ದಾಖಲೆ ಮುಚ್ಚಿಡೋದು ತಪ್ಪು ಅಂತ ಬರೆದರು. ಮೇ ತಿಂಗಳಲ್ಲಿ ಅವರೇ ರಕ್ಷಣಾ ಸಚಿವರಾದರು. ಜುಲೈನಲ್ಲಿ ಸಂಸತ್ತಿಗೆ ಉತ್ತರ ಕೊಟ್ಟರು: ಬಹಿರಂಗಪಡಿಸೋದು ರಾಷ್ಟ್ರದ ಹಿತಾಸಕ್ತಿಗೆ ಒಳ್ಳೆಯದಲ್ಲ. ನಾಲ್ಕು ತಿಂಗಳಲ್ಲಿ ವರದಿಯ ಒಂದು ಅಕ್ಷರವೂ ಬದಲಾಗಿರಲಿಲ್ಲ, ಬದಲಾಗಿದ್ದು ಕುರ್ಚಿ. ಆಸ್ಟ್ರೇಲಿಯಾದ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದೇ ವರ್ಷ ವರದಿಯ ಒಂದು ಭಾಗವನ್ನು ಅಂತರ್ಜಾಲದಲ್ಲಿ ಹಾಕಿದ್ದರಿಂದ ಒಂದಿಷ್ಟು ನಮಗೆ ಗೊತ್ತು. ಸರ್ಕಾರ ತಾನಾಗಿ ಕೊಟ್ಟಿದ್ದು ಏನೂ ಇಲ್ಲ.

ಹಾಗಾದರೆ 1967ರ ಮಹಾಚುನಾವಣೆಯಲ್ಲಿ ಮತ ಹಾಕಿದ ನಮ್ಮಜ್ಜಿ ಯಾವ ಆಧಾರದ ಮೇಲೆ ತೀರ್ಪು ಕೊಡಬೇಕಿತ್ತು? ನಾನು ಇವತ್ತು ಹೇಳಬೇಕು ಅಂದುಕೊಂಡಿರೋ ಮಾತು ಇದೇ. ಚುನಾವಣೆ ತೀರ್ಪು ಕೊಡುವ ದಿನ. ಸಾಕ್ಷಿ ಅದಕ್ಕೆ ಮೊದಲು ಬರಬೇಕು. ಸಾಕ್ಷಿ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ಮತಗಟ್ಟೆಯಲ್ಲಿ ನಿಂತವನು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ತಗುಲಿದರೆ ತಗುಲಿತು.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಸಂಸತ್ತಿಗೆ ಮಾದರಿಯಾದ ಬ್ರಿಟನ್ನಿಗೇ ಹೋಗೋಣ.

2003ರ ಮಾರ್ಚ್ 18ರಂದು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಇರಾಕ್ ಮೇಲಿನ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು, 412ಕ್ಕೆ 149 ಮತ. ಹಿಂದಿನ ದಿನ ರಾಬಿನ್ ಕುಕ್ ಎಂಬ ಹಿರಿಯ ಸಚಿವರು ಈ ಯುದ್ಧ ಒಪ್ಪಲ್ಲ ಅಂತ ಸಂಪುಟ ಬಿಟ್ಟಿದ್ದರು. ಸದ್ದಾಂ ಹುಸೇನ್ ಬಳಿ ಸಮೂಹ ನಾಶದ ಅಸ್ತ್ರ ಇದೆ ಅನ್ನೋದು ಪ್ರಧಾನಿ ಟೋನಿ ಬ್ಲೇರ್ ಕೊಟ್ಟ ಕಾರಣ. ಅಸ್ತ್ರ ಸಿಗಲಿಲ್ಲ. 179 ಬ್ರಿಟಿಷ್ ಯೋಧರು ಸತ್ತರು. ಇರಾಕಿನಲ್ಲಿ 2009ರ ಹೊತ್ತಿಗೆ ಕನಿಷ್ಠ 1,50,000 ಜನ ಸತ್ತಿದ್ದರು, ಹೆಚ್ಚಿನವರು ನಾಗರಿಕರು ಅಂತ ಮುಂದೆ ಬ್ರಿಟನ್ನಿನ ತನಿಖೆಯೇ ಹೇಳಿತು.

2005ರ ಚುನಾವಣೆಯಲ್ಲಿ ಬ್ಲೇರ್ ಬಹುಮತ ಕುಗ್ಗಿತು, ಆದರೆ ಗೆದ್ದರು. ಪೂರ್ಣ ತನಿಖೆಗೆ ಆದೇಶವಾಗಿದ್ದು 2009ರಲ್ಲಿ, ಆಗ ಬ್ಲೇರ್ ಅಧಿಕಾರ ಬಿಟ್ಟು ಎರಡು ವರ್ಷ ಆಗಿತ್ತು. ಸರ್ ಜಾನ್ ಚಿಲ್ಕಾಟ್ ಅದರ ಅಧ್ಯಕ್ಷರು. ವರದಿ ಬಂದಿದ್ದು 2016ರ ಜುಲೈ 6ಕ್ಕೆ. ಬ್ಲೇರ್ ಅಮೆರಿಕದ ಅಧ್ಯಕ್ಷ ಬುಷ್‌ಗೆ ಬರೆದ ಟಿಪ್ಪಣಿಗಳನ್ನು ಬಹಿರಂಗ ಮಾಡಬಹುದಾ ಅನ್ನೋ ಜಗ್ಗಾಟವೇ ವರ್ಷಗಟ್ಟಲೆ ನಡೆಯಿತು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ಇನ್ನೂ ತಡ ಮಾಡಿದರೆ ಕೋರ್ಟಿಗೆ ಹೋಗ್ತೀವಿ ಅಂತ ಎಚ್ಚರಿಸಬೇಕಾಯಿತು.

ಬಂದ ವರದಿ ಮಾತ್ರ ಸಣ್ಣದಲ್ಲ. ಹನ್ನೆರಡು ಸಂಪುಟ, 26 ಲಕ್ಷ ಪದ. ಶಾಂತಿಯುತ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಇಳಿದರು, ಗುಪ್ತಚರ ಮಾಹಿತಿಯನ್ನು ಇರುವುದಕ್ಕಿಂತ ಖಚಿತ ಅನ್ನುವ ಹಾಗೆ ಜನರ ಮುಂದಿಟ್ಟರು, ಗೆದ್ದ ಮೇಲೆ ಏನು ಅನ್ನುವ ತಯಾರಿಯೇ ಸಾಲದು ಅಂತ ನೇರವಾಗಿ ಹೇಳಿತು. ಪ್ರಧಾನಿಯ ಟಿಪ್ಪಣಿಗಳೂ ಹೊರಬಂದವು. ಆದರೆ ತಡವಾಗಿತ್ತು. ಹೊಣೆಗಾರರು ರಾಜಕೀಯದಿಂದಲೇ ದೂರ ಹೋಗಿದ್ದರು. ಮರು ವರ್ಷ ಬ್ಲೇರ್ ಮೇಲೆ ಖಾಸಗಿ ಮೊಕದ್ದಮೆ ಹೂಡುವ ಪ್ರಯತ್ನವನ್ನು ಲಂಡನ್ ಹೈಕೋರ್ಟ್ ತಳ್ಳಿಹಾಕಿತು, ಆಕ್ರಮಣಕಾರಿ ಯುದ್ಧ ಎನ್ನುವ ಅಪರಾಧ ಇಂಗ್ಲೆಂಡಿನ ಕಾನೂನಿನಲ್ಲಿ ಇಲ್ಲ ಅಂತ. ಅಂದರೆ ಬ್ರಿಟನ್ನಿನಲ್ಲಿ ಸಾಕ್ಷಿ ಬಂತು, ಆದರೆ ತೀರ್ಪಿನ ದಿನ ಕಳೆದು ಹನ್ನೊಂದು ವರ್ಷ ಆದ ಮೇಲೆ.

ಈಗ ಮೂರನೇ ದೇಶ, ಐಸ್‌ಲ್ಯಾಂಡ್. 2008ರಲ್ಲಿ ಆ ಇಡೀ ದೇಶದ ಜನಸಂಖ್ಯೆ ಸುಮಾರು 3,20,000. ನಮ್ಮ ಒಂದು ಮಧ್ಯಮ ಗಾತ್ರದ ಪಟ್ಟಣದಷ್ಟು. ಆದರೆ ಅಲ್ಲಿನ ಮೂರು ದೊಡ್ಡ ಬ್ಯಾಂಕುಗಳು, ಲ್ಯಾಂಡ್ಸ್‌ಬ್ಯಾಂಕಿ, ಗ್ಲಿಟ್ನಿರ್, ಕೌಪ್‌ಥಿಂಗ್, ಸಾಲ ತಂದು ವ್ಯವಹಾರ ಬೆಳೆಸಿ ದೇಶದ ವಾರ್ಷಿಕ ಉತ್ಪನ್ನದ ಸುಮಾರು ಹತ್ತು ಪಟ್ಟು ದೊಡ್ಡದಾಗಿದ್ದವು. ಮನೆಗಿಂತ ಚಪ್ಪರ ದೊಡ್ಡದು. 2008ರ ಅಕ್ಟೋಬರಿನಲ್ಲಿ ಮೂರೂ ಒಂದೇ ವಾರದಲ್ಲಿ ಕುಸಿದವು. ಅಕ್ಟೋಬರ್ 6ಕ್ಕೆ ಪ್ರಧಾನಿ ಗೀರ್ ಹಾರ್ಡೆ ಟಿವಿಯಲ್ಲಿ ಮಾತಾಡಿ, ಕೊನೆಗೆ ದೇವರು ಐಸ್‌ಲ್ಯಾಂಡನ್ನು ಕಾಪಾಡಲಿ ಅಂದರು. ಪ್ರಧಾನಿಯೇ ದೇವರ ಹೆಸರು ಎತ್ತಿದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿರಬೇಕು ಅಂತ ಜನ ಗಾಬರಿಯಾದರು.

ಚಳಿಯಲ್ಲಿ ಸಂಸತ್ತಿನ ಎದುರು ಜನ ಸೇರಿದರು, ಅಡುಗೆಮನೆಯ ಪಾತ್ರೆ, ಸೌಟು ಹಿಡಿದು ಬಡಿದರು. 2009ರ ಜನವರಿಯಲ್ಲಿ ಸರ್ಕಾರ ಬಿತ್ತು. ಆದರೆ ಅದಕ್ಕೂ ಮೊದಲೇ, ಡಿಸೆಂಬರಿನಲ್ಲಿ, ಅಲ್ಲಿನ ಸಂಸತ್ತು ಒಂದು ವಿಶೇಷ ತನಿಖಾ ಆಯೋಗಕ್ಕೆ ಕಾನೂನು ಮಾಡಿತ್ತು. ಗಮನಿಸಿ, ಆಯೋಗ ಸಂಸತ್ತಿನದು, ಪ್ರಧಾನಿಯದಲ್ಲ. ಮಂತ್ರಿಗಳ ನಡತೆಯೂ ತನಿಖೆಯೊಳಗೇ ಇತ್ತು.

2010ರ ಏಪ್ರಿಲ್ 12ಕ್ಕೆ ವರದಿ ಬಂತು. ಒಂಬತ್ತು ಸಂಪುಟ, ಎರಡು ಸಾವಿರಕ್ಕೂ ಹೆಚ್ಚು ಪುಟ. ಪ್ರಧಾನಿ, ಇನ್ನಿಬ್ಬರು ಮಂತ್ರಿಗಳು, ಕೇಂದ್ರ ಬ್ಯಾಂಕಿನ ಗವರ್ನರುಗಳು, ಹಣಕಾಸು ಮೇಲ್ವಿಚಾರಣೆಯ ಮುಖ್ಯಸ್ಥ, ಇವರೆಲ್ಲ ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದ್ದಾರೆ ಅಂತ ಹೆಸರು ಹಿಡಿದು ಬರೆದಿತ್ತು. ಅವತ್ತು ರೇಕ್ಯಾವಿಕ್ ನಗರದ ರಂಗಮಂದಿರದಲ್ಲಿ ನಟರು ವೇದಿಕೆ ಮೇಲೆ ಕೂತು ವರದಿಯನ್ನು ಗಟ್ಟಿಯಾಗಿ ಓದೋದಕ್ಕೆ ಶುರು ಮಾಡಿದರು. ಒಬ್ಬರಾದ ಮೇಲೆ ಒಬ್ಬರು, ಹಗಲು ರಾತ್ರಿ, ಪೂರ್ತಿ ಮುಗಿಯುವವರೆಗೆ. ಯಾರು ಬೇಕಾದರೂ ಬಂದು ಕೂತು ಕೇಳಬಹುದಿತ್ತು. ಇದನ್ನು ಓದಿದಾಗ ನನಗೆ ನೆನಪಾಗಿದ್ದು ಛಾಗ್ಲಾ ಹಾಕಿಸಿದ ಧ್ವನಿವರ್ಧಕ.

ಅಲ್ಲಿಗೇ ನಿಲ್ಲಲಿಲ್ಲ. ಮಂತ್ರಿಗಳನ್ನು ವಿಚಾರಣೆ ಮಾಡುವುದಕ್ಕೆ ಅಂತಲೇ ಐಸ್‌ಲ್ಯಾಂಡಿನಲ್ಲಿ 1905ರಿಂದ ಒಂದು ವಿಶೇಷ ನ್ಯಾಯಾಲಯ ಇತ್ತು. ನೂರು ವರ್ಷದಲ್ಲಿ ಒಮ್ಮೆಯೂ ಕಲಾಪ ನಡೆಸಿರಲಿಲ್ಲ. ಸಂಸತ್ತು 33ಕ್ಕೆ 30 ಮತದಿಂದ ಹಾರ್ಡೆ ಒಬ್ಬರ ಮೇಲೆ ಮಾತ್ರ ಆರೋಪ ಹೊರಿಸಿತು, ಉಳಿದ ಮಂತ್ರಿಗಳನ್ನು ಬಿಟ್ಟಿತು. 2012ರ ಏಪ್ರಿಲಿನಲ್ಲಿ ತೀರ್ಪು ಬಂತು. ಮೂರು ಆರೋಪಗಳಿಂದ ಖುಲಾಸೆ. ಒಂದರಲ್ಲಿ ಮಾತ್ರ ತಪ್ಪಿತಸ್ಥ: ಇಷ್ಟು ಗಂಭೀರ ವಿಷಯದ ಬಗ್ಗೆ ಸಂವಿಧಾನ ಹೇಳಿದ ಹಾಗೆ ಸಂಪುಟ ಸಭೆಯಲ್ಲಿ ಚರ್ಚೆ ನಡೆಸಲಿಲ್ಲ ಅಂತ. ಶಿಕ್ಷೆ ಇಲ್ಲ. ವಕೀಲರ ಖರ್ಚನ್ನೂ ಸರ್ಕಾರವೇ ಕೊಟ್ಟಿತು. ಜೈಲಿಗೆ ಹೋದವರು ಬ್ಯಾಂಕಿನ ಮುಖ್ಯಸ್ಥರು, ಪ್ರಧಾನಿ ಅಲ್ಲ. 2015ರಲ್ಲಿ ಹಾರ್ಡೆ ಅಮೆರಿಕಕ್ಕೆ ಐಸ್‌ಲ್ಯಾಂಡಿನ ರಾಯಭಾರಿಯಾಗಿ ಹೋದರು.

"ಇಷ್ಟೆಲ್ಲ ಮಾಡಿ ಕೊನೆಗೆ ಏನೂ ಆಗಲಿಲ್ವಲ್ಲ?" ಅಂತ ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನಿಸಿತು. ಇದು ರಾಜಕೀಯ ಸೇಡು ಅಂತ ಹಾರ್ಡೆ ವಾದಿಸಿದರು, ಆ ಮಾತನ್ನೂ ಸುಮ್ಮನೆ ತಳ್ಳಿಹಾಕೋಕ್ಕಾಗಲ್ಲ. ಯಾರ ಮೇಲೆ ಮೊಕದ್ದಮೆ ಅಂತ ಸಂಸತ್ತಿನಲ್ಲಿ ಎದುರಾಳಿಗಳೇ ಕೈ ಎತ್ತಿ ತೀರ್ಮಾನಿಸಿದರೆ ಅದು ನ್ಯಾಯವೋ, ಹಳೇ ಲೆಕ್ಕ ತೀರಿಸಿಕೊಳ್ಳುವುದೋ? ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ, ಅವರ ವಿಚಾರಣೆಯಲ್ಲಿ ಹಕ್ಕುಗಳ ಉಲ್ಲಂಘನೆ ಆಗಿಲ್ಲ ಅಂದಿತು. ಆದರೂ ಅಪಾಯ ಇದ್ದೇ ಇದೆ. ಸೋತವರನ್ನು ಗೆದ್ದವರು ಜೈಲಿಗೆ ಹಾಕುವ ಚಾಳಿ ಶುರುವಾದರೆ ಯಾರೂ ಸುಲಭಕ್ಕೆ ಕುರ್ಚಿ ಬಿಡಲ್ಲ. ತಪ್ಪಿದರೆ ಸೆರೆಮನೆ ಅನ್ನುವ ಭಯವಿದ್ದರೆ ಕಷ್ಟದ ಹೊತ್ತಿನಲ್ಲಿ ನಿರ್ಧಾರ ಮಾಡುವವರೂ ಸಿಗಲ್ಲ. ಅದಕ್ಕೇ ನಾನು ಜೈಲು ಕೇಳ್ತಾ ಇಲ್ಲ. ಲಂಚ ತಿಂದಿದ್ದರೆ, ಸುಳ್ಳು ದಾಖಲೆ ಸೃಷ್ಟಿಸಿದ್ದರೆ ಅದಕ್ಕೆ ಕಾನೂನು ಇದೆ. ತಪ್ಪು ತೀರ್ಮಾನಕ್ಕೆ ಬೇಕಾಗಿರೋದು ಲೆಕ್ಕ.

ಐಸ್‌ಲ್ಯಾಂಡಿನ ಜನರಿಗೆ ಆ ಲೆಕ್ಕ ಸಿಕ್ಕಿತು, ಕುಸಿತವಾದ ಹದಿನೆಂಟು ತಿಂಗಳಲ್ಲಿ. 2013ರ ಚುನಾವಣೆಯಲ್ಲಿ ಅವರೇ ಹಾರ್ಡೆ ಅವರ ಪಕ್ಷವನ್ನು ಮತ್ತೆ ಅಧಿಕಾರಕ್ಕೆ ತಂದರು, ಮೈತ್ರಿ ಸರ್ಕಾರದಲ್ಲಿ. ನನಗೆ ಅದು ತಪ್ಪು ಅನಿಸಲ್ಲ. ಒಂಬತ್ತು ಸಂಪುಟ ಕಣ್ಣ ಮುಂದಿಟ್ಟುಕೊಂಡು ಮತ ಹಾಕಿದರು. ತಿಳಿದು ಕ್ಷಮಿಸೋದು ಬೇರೆ, ತಿಳಿಯದೆ ಮರೆಯೋದು ಬೇರೆ.

ನಮ್ಮಲ್ಲೂ 1999ರ ಕಾರ್ಗಿಲ್ ಯುದ್ಧದ ನಂತರ ಒಂದು ಹೆಜ್ಜೆ ಮುಂದೆ ಹೋದೆವು. ಯುದ್ಧ ಮುಗಿದ ಜುಲೈನಲ್ಲೇ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು, 2000ದ ಫೆಬ್ರವರಿಯಲ್ಲಿ ವರದಿ ಸಂಸತ್ತಿನ ಮುಂದೆ ಬಂತು. ಕೆಲವು ಭಾಗ ತೆಗೆದಿದ್ದರು, ಆದರೂ ಪುಸ್ತಕವಾಗಿ ಜನರ ಕೈಗೆ ಸಿಕ್ಕಿತು. ಅದರಿಂದ ದೇಶದ ಭದ್ರತೆಗೆ ಏನೂ ಕುಂದು ಬರಲಿಲ್ಲ. ಆದರೆ ಚುನಾವಣೆ ಅದಕ್ಕೂ ಮೊದಲೇ, ಸೆಪ್ಟೆಂಬರ್ ಅಕ್ಟೋಬರಿನಲ್ಲೇ, ಮುಗಿದುಹೋಗಿತ್ತು. ಅಲ್ಲೂ ಮತ ಮೊದಲು, ಲೆಕ್ಕ ಆಮೇಲೆ.

ಹಾಗಾದರೆ ನಾವು ಕೇಳಬೇಕಾದ್ದು ಏನು? ಈ ಮೂರು ದೇಶದ ಅನುಭವದಿಂದ ನನಗೆ ಹೊಳೆದಿದ್ದು ಮೂರೇ ಮಾತು. ತನಿಖೆ ಯಾರ ಮೇಲೆ ನಡೆಯಬೇಕೋ ಅವರೇ ತನಿಖಾಧಿಕಾರಿಯನ್ನು ನೇಮಿಸಬಾರದು. ತನಿಖೆಯ ವ್ಯಾಪ್ತಿ ಮಂತ್ರಿಗಳ ಕೋಣೆಯ ತನಕ ಹೋಗಬೇಕು. ಮತ್ತು ವರದಿಗೆ ಒಂದು ತಾರೀಖು ಇರಬೇಕು, ಜನ ಮತ್ತೆ ಮತ ಹಾಕುವುದಕ್ಕೆ ಮೊದಲಿನ ತಾರೀಖು.

ನಮ್ಮ ರಕ್ಷಣಾ ಸಚಿವಾಲಯವೇ 2021ರಲ್ಲಿ ಒಂದು ನೀತಿ ಪ್ರಕಟಿಸಿತು, ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದೊಳಗೆ ಬಹಿರಂಗಗೊಳಿಸಬೇಕು ಅಂತ. 1963ಕ್ಕೆ 25 ಸೇರಿಸಿ ನೋಡಿ. 1988.

ಅಜ್ಜಿ ಈಗಿಲ್ಲ. ರಸೀದಿ ನನ್ನ ಹತ್ತಿರ ಇದೆ, ಮಡಿಕೆಯ ಜಾಗದಲ್ಲಿ ಹರಿದಿದೆ, ಆದರೆ ತೂಕ ಬರೆದಿರೋದು ಇನ್ನೂ ಓದೋಕಾಗುತ್ತೆ. ಅವರು ಬಳೆ ವಾಪಸ್ ಕೇಳಿರಲಿಲ್ಲ. ಕೊಟ್ಟಿದ್ದಕ್ಕೆ ಬೇಸರವೂ ಇರಲಿಲ್ಲ. ಇನ್ನೊಂದು ಕಡೆಯ ಲೆಕ್ಕ ಕೇಳಿದ್ದರು, ಅಷ್ಟೇ. ನಿಮ್ಮ ಮನೆಯಲ್ಲೂ ಅಂಥ ರಸೀದಿ ಇದ್ದರೆ ಎಸೀಬೇಡಿ, ಇಟ್ಟುಕೊಳ್ಳಿ. ಮಕ್ಕಳಿಗೆ ತೋರಿಸಿ.